ಕರೆಂಟು ಹೋದಾಗ ಬಿಸಿಯೇರುವ ಲ್ಯಾಪ್‌ಟಾಪ್: ತಪ್ಪು ಬ್ಯಾಟರಿಯದೇ?

ಹಿರೇನಲ್ಲೂರು (ಕಡೂರು): ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕಾಫಿ ತೋಟ ಮತ್ತು ಮಂಜು ಮುಸುಕಿದ ಬೆಟ್ಟಸಾಲು. ಅದೇ ಜಿಲ್ಲೆಯ ಕಡೂರು ತಾಲೂಕಿಗೆ ಸೇರಿದ ಹಿರೇನಲ್ಲೂರಿಗೆ ಈ ಚಿತ್ರ ಒಪ್ಪುವುದಿಲ್ಲ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿ ಬಿದ್ದಿರುವ ಬಯಲುಸೀಮೆ ಇದು. ತೆಂಗು, ಅಡಿಕೆ, ರಾಗಿ ಮತ್ತು ಅವುಗಳಿಗೆ ನೀರುಣಿಸಲು ಕೊಳವೆಬಾವಿ ಇಲ್ಲಿನ ಬದುಕು. ಮಾರ್ಚ್ ಕಳೆದರೆ ಮಧ್ಯಾಹ್ನದ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ.

ಅಂಥದೊಂದು ಮಧ್ಯಾಹ್ನ ಕರೆಂಟು ಹೋಯಿತೆಂದುಕೊಳ್ಳಿ. ಪದವಿ ವಿದ್ಯಾರ್ಥಿಯೊಬ್ಬ ವಿದ್ಯಾರ್ಥಿವೇತನದ ಅರ್ಜಿಯನ್ನೋ, ಸ್ಪರ್ಧಾತ್ಮಕ ಪರೀಕ್ಷೆಯ ಅರ್ಜಿಯನ್ನೋ ಭರ್ತಿ ಮಾಡುತ್ತಿದ್ದಾನೆ. ಲ್ಯಾಪ್‌ಟಾಪು ಸದ್ದಿಲ್ಲದೆ ಬ್ಯಾಟರಿಗೆ ಹೊರಳುತ್ತದೆ. ಅರ್ಧ ಗಂಟೆಯೊಳಗೆ ಅದರ ತಳ ರೊಟ್ಟಿಯ ಕಾವಲಿಯನ್ನು ನೆನಪಿಸತೊಡಗುತ್ತದೆ. ಒಳಗಿನ ಫ್ಯಾನು ಭೋರ್ಗರೆಯುತ್ತದೆ, ಪುಟಗಳು ತೆವಳುತ್ತವೆ, ಕೊನೆಗೊಮ್ಮೆ ಪರದೆ ಕಪ್ಪಾಗುತ್ತದೆ. ಮರುದಿನ ಯಂತ್ರವನ್ನು ಪೇಟೆಗೆ ಒಯ್ದರೆ ರಿಪೇರಿ ಅಂಗಡಿಯಲ್ಲಿ ಬಹುಪಾಲು ಕೇಳಿಬರುವ ಮೊದಲ ಮಾತು ‘ಬ್ಯಾಟರಿ ಹೋಗಿದೆ, ಬದಲಾಯಿಸಬೇಕು’ ಎಂಬುದು. ಕೆಲವು ಸಾವಿರ ರೂಪಾಯಿಗಳ ಈ ತೀರ್ಪು ಎಷ್ಟೋ ವೇಳೆ ಸರಿಯಿರುತ್ತದೆ. ಆದರೆ ಅಷ್ಟೇ ವೇಳೆ ಹೊಸ ಬ್ಯಾಟರಿ ಹಾಕಿದ ಮೇಲೂ ಯಂತ್ರ ಮೊದಲಿನಂತೆಯೇ ಕಾಯುತ್ತದೆ. ಮನೆಗೆಲ್ಲ ಒಂದೇ ಲ್ಯಾಪ್‌ಟಾಪು ಇರುವ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ವಿಚಿತ್ರವೆಂದರೆ, ಲೆಕ್ಕದ ಪ್ರಕಾರ ಬ್ಯಾಟರಿಯ ಮೇಲೆ ಓಡುವ ಲ್ಯಾಪ್‌ಟಾಪು ಹೆಚ್ಚು ತಣ್ಣಗಿರಬೇಕು. ಚಾರ್ಜು ಹೆಚ್ಚು ಹೊತ್ತು ಬಾಳಲೆಂದು ತಯಾರಕರು ಬ್ಯಾಟರಿ ವೇಳೆಯಲ್ಲಿ ಪ್ರೊಸೆಸರಿನ ವೇಗಕ್ಕೆ ಕಡಿವಾಣ ಹಾಕಿರುತ್ತಾರೆ, ಪರದೆಯ ಬೆಳಕನ್ನು ತಗ್ಗಿಸಿರುತ್ತಾರೆ. ಗೋಡೆಯ ಕರೆಂಟಿನಲ್ಲಿರುವಾಗ ಇರುವ ಚಾರ್ಜಿಂಗ್‌ನ ಶಾಖವೂ ಆಗ ಇರುವುದಿಲ್ಲ. ಇಷ್ಟಾಗಿಯೂ ಬ್ಯಾಟರಿಯಲ್ಲೇ ಯಂತ್ರ ಹೆಚ್ಚು ಬಿಸಿಯಾಗುತ್ತಿದೆ ಎಂದರೆ ಅದಕ್ಕೆ ಪ್ರತ್ಯೇಕ ಕಾರಣವಿರಲೇಬೇಕು. ಆ ಕಾರಣ ಯಂತ್ರದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಮೊದಲು ತಿಳಿಯುವುದು ಒಳಿತು.

ಬ್ಯಾಟರಿಯ ಹೊತ್ತೆಂದರೆ ಫ್ಯಾನಿಲ್ಲದ ಹೊತ್ತು

ಬೆಂಗಳೂರಿನ ಹವಾನಿಯಂತ್ರಿತ ಕಚೇರಿಯಲ್ಲಿ ಬ್ಯಾಟರಿಯ ಮೇಲೆ ಕೆಲಸ ಮಾಡುವುದೆಂದರೆ ಪ್ಲಗ್ಗು ಕಿತ್ತು ಸಭೆಯ ಕೊಠಡಿಗೆ ಹೋಗುವುದು, ಅಷ್ಟೇ. ಹಳ್ಳಿಯಲ್ಲಿ ಅದೇ ಮಾತಿಗೆ ಬೇರೆ ಅರ್ಥವಿದೆ. ಲ್ಯಾಪ್‌ಟಾಪು ಬ್ಯಾಟರಿಗೆ ಹೊರಳಿದ ಆ ಕ್ಷಣದಲ್ಲೇ ತಲೆಯ ಮೇಲಿನ ಫ್ಯಾನೂ ನಿಂತಿರುತ್ತದೆ. ತಗಡಿನ ಅಥವಾ ಆರ್‌ಸಿಸಿ ಛಾವಣಿಯ ಕೋಣೆಯಲ್ಲಿ ಗಾಳಿಯಾಡದಿದ್ದರೆ ಒಳಗಿನ ಉಷ್ಣಾಂಶ ಮೆಲ್ಲಗೆ ಏರುತ್ತದೆ. ಬಹಳಷ್ಟು ತಯಾರಕರು ಲ್ಯಾಪ್‌ಟಾಪನ್ನು 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಬೇಕೆಂದು ಸೂಚಿಸಿರುತ್ತಾರೆ ಎಂಬುದನ್ನು ಇಲ್ಲಿ ನೆನೆಯಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಯಂತ್ರವನ್ನು ತೆರೆಯುವ ಮೊದಲೇ ಆ ಮಿತಿ ಮುಗಿದಿರುತ್ತದೆ.

ಲ್ಯಾಪ್‌ಟಾಪು ತಂಪಾಗುವ ಬಗೆ ಸರಳ. ಪ್ರೊಸೆಸರಿಗೆ ಅಂಟಿಕೊಂಡಿರುವ ತಾಮ್ರದ ಕೊಳವೆ ಶಾಖವನ್ನು ಅಂಚಿನ ಲೋಹದ ರೆಕ್ಕೆಗಳಿಗೆ ಒಯ್ಯುತ್ತದೆ. ಪುಟ್ಟ ಫ್ಯಾನು ತಳದ ರಂಧ್ರಗಳಿಂದ ಗಾಳಿಯನ್ನು ಎಳೆದು, ಆ ರೆಕ್ಕೆಗಳ ನಡುವೆ ಹಾಯಿಸಿ ಹೊರದಬ್ಬುತ್ತದೆ. ಎಳೆದುಕೊಂಡ ಗಾಳಿಗಿಂತ ತಣ್ಣಗಾಗುವುದು ಅದಕ್ಕೆ ಸಾಧ್ಯವಿಲ್ಲ. ಕೋಣೆ 25 ಡಿಗ್ರಿ ಇದ್ದಾಗ ಪ್ರೊಸೆಸರು 75 ಡಿಗ್ರಿಯಲ್ಲಿ ನಿಲ್ಲುತ್ತಿದ್ದರೆ, ಅದೇ ಕೆಲಸಕ್ಕೆ ಕೋಣೆ 37 ಡಿಗ್ರಿ ಇದ್ದಾಗ ಅದು ಹೆಚ್ಚುಕಡಿಮೆ 87 ಡಿಗ್ರಿಗೆ ಏರುತ್ತದೆ. ಪ್ರೊಸೆಸರುಗಳು ಸುಮಾರು 100 ಡಿಗ್ರಿಯ ಆಸುಪಾಸಿನಲ್ಲಿ ತಮ್ಮ ವೇಗವನ್ನು ತಾವೇ ಕುಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ತಾನಾಗಿ ಆರಿಹೋಗುತ್ತದೆ. ಪುಟಗಳು ತೆವಳಿದ್ದಕ್ಕೂ, ಪರದೆ ಕಪ್ಪಾದದ್ದಕ್ಕೂ ಇದೊಂದೇ ಸಾಕಾದ ಕಾರಣವಾಗಬಲ್ಲದು. ಬ್ಯಾಟರಿಯ ಪಾಲು ಇದರಲ್ಲಿ ಏನೂ ಇಲ್ಲ.

ಇನ್ನೊಂದು ಸಂಗತಿಯನ್ನು ಬಳಸುವವರೇ ಗಮನಿಸಿರುವುದಿಲ್ಲ. ಪ್ಲಗ್ಗಿನ ಹಂಗು ತಪ್ಪಿದೊಡನೆ ಲ್ಯಾಪ್‌ಟಾಪು ಮೇಜು ಬಿಟ್ಟು ಮಂಚಕ್ಕೋ, ತೊಡೆಗೋ, ಜಗಲಿಗೋ ಬರುತ್ತದೆ. ಹಾಸಿಗೆಯ ಹತ್ತಿ ತಳದ ರಂಧ್ರಗಳನ್ನು ಮುಚ್ಚುತ್ತದೆ. ಜೊತೆಗೆ ಹತ್ತಿ ಶಾಖವನ್ನು ಹಿಡಿದಿಡುವ ವಸ್ತು; ಚಳಿಗೆ ಕೌದಿ ಹೊದೆಯುವುದು ಅದಕ್ಕಾಗಿಯೇ. ಯಂತ್ರಕ್ಕೆ ಕೌದಿ ಹೊದಿಸಿ ಅದು ಬೆವರುತ್ತಿದೆ ಎಂದು ದೂರುವುದು ನ್ಯಾಯವಲ್ಲ. ತೊಡೆಯ ಮೇಲೆ ತಿಂಗಳುಗಟ್ಟಲೆ ಇಟ್ಟುಕೊಂಡು ಕೆಲಸ ಮಾಡಿದವರ ಚರ್ಮದಲ್ಲಿ ಬಲೆಯಾಕಾರದ ಕಂದು ಕಲೆಗಳು ಮೂಡಿದ್ದನ್ನು ವೈದ್ಯಕೀಯ ಪತ್ರಿಕೆಗಳು ದಾಖಲಿಸಿವೆ. ಹಿಂದೆ ಇದು ದಿನವಿಡೀ ಒಲೆ, ಅಗ್ಗಿಷ್ಟಿಕೆಗಳ ಮುಂದೆ ಕೂರುವವರಲ್ಲಿ ಕಾಣುತ್ತಿದ್ದ ಕಲೆ.

ಇದಕ್ಕೆ ಪರಿಹಾರ ಅಡುಗೆಮನೆಯ ಮೂಲೆಯಲ್ಲೇ ಇದೆ. ಊಟಕ್ಕೆ ಕೂರುವ ಮರದ ಮಣೆಯ ಮೇಲೆ ಲ್ಯಾಪ್‌ಟಾಪನ್ನಿಟ್ಟು, ಅದರ ಹಿಂಬದಿಯ ಎರಡು ಮೂಲೆಗಳಿಗೆ ಸೀಸೆಯ ಮುಚ್ಚಳಗಳನ್ನೋ ತೆಳುವಾದ ಪುಸ್ತಕಗಳನ್ನೋ ಕೊಟ್ಟು ಎರಡು ಬೆರಳಷ್ಟು ಎತ್ತರಿಸಿದರೆ ತಳಕ್ಕೆ ಗಾಳಿ ಸಿಗುತ್ತದೆ. ಕಡಪ ಕಲ್ಲು ಅಥವಾ ಸಿಮೆಂಟು ನೆಲ ತಣ್ಣಗಿರುತ್ತದೆಂದು ಯಂತ್ರವನ್ನು ನೇರವಾಗಿ ನೆಲಕ್ಕೆ ಒತ್ತಿ ಇಡುವವರಿದ್ದಾರೆ. ಹಾಸಿಗೆಗಿಂತ ಅದು ಮೇಲು, ಆದರೆ ಅಂತರವಿಲ್ಲದೆ ಪೂರ್ಣ ಪ್ರಯೋಜನವಿಲ್ಲ, ನೆಲದ ಧೂಳನ್ನು ಫ್ಯಾನು ನೇರವಾಗಿ ಒಳಗೆಳೆಯುವುದೂ ಉಂಟು. ಒದ್ದೆ ಬಟ್ಟೆ ಸುತ್ತುವುದು, ಕೆಲಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆಯುವುದು ಮುಂತಾದ ಉಪಾಯಗಳಿಂದ ದೂರವಿರಬೇಕು. ತಣ್ಣಗಾದ ಸರ್ಕಿಟ್ಟಿನ ಮೇಲೆ ಹೊರಗಿನ ಗಾಳಿಯ ತೇವ ಹನಿಗಟ್ಟಿದರೆ ಯಂತ್ರ ಶಾಶ್ವತವಾಗಿ ತಣ್ಣಗಾಗುತ್ತದೆ.

ತೋಟದ ಮನೆಯ ಪ್ರತ್ಯೇಕ ಕಷ್ಟ

ಚಿಕ್ಕಮಗಳೂರು ಜಿಲ್ಲೆಗೆ ವಿದ್ಯುತ್ ಪೂರೈಸುವುದು ಮಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅರ್ಥಾತ್ ಮೆಸ್ಕಾಂ. ಪಂಪ್‌ಸೆಟ್ಟುಗಳ ಹೊರೆಯನ್ನು ಮನೆಗಳ ಮಾರ್ಗದಿಂದ ಬೇರ್ಪಡಿಸಿ ಊರಿನ ಮನೆಗಳಿಗೆ ದಿನವಿಡೀ ಕರೆಂಟು ಕೊಡುವ ಉದ್ದೇಶದಿಂದ ರಾಜ್ಯದಲ್ಲಿ ‘ನಿರಂತರ ಜ್ಯೋತಿ’ ಯೋಜನೆ ಜಾರಿಗೆ ಬಂತು. ಊರೊಳಗಿನ ಮನೆಗಳಿಗೆ ಇದರಿಂದ ಅನುಕೂಲವಾಯಿತು. ಊರಾಚೆ ತೆಂಗಿನ ತೋಟದ ನಡುವೆ ಮನೆ ಕಟ್ಟಿಕೊಂಡವರ ಸಂಪರ್ಕ ಮಾತ್ರ ಬಹುಪಾಲು ಪಂಪ್‌ಸೆಟ್ ಮಾರ್ಗದಲ್ಲೇ ಉಳಿಯಿತು. ಅಲ್ಲಿ ಕರೆಂಟಿನ ವೇಳಾಪಟ್ಟಿ ಕೊಳವೆಬಾವಿಯದೇ ಹೊರತು ಓದುವ ಹುಡುಗರದಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ, ಜಲಾಶಯಗಳು ಬರಿದಾಗಿ ಪಂಪ್‌ಸೆಟ್ಟುಗಳ ಕರೆಂಟಿನ ಅವಧಿಯೂ ಕಡಿತಗೊಂಡಿತ್ತು. ತೋಟದ ಮನೆಗಳ ಲ್ಯಾಪ್‌ಟಾಪುಗಳು ಆಗ ದಿನದ ಹೆಚ್ಚಿನ ಹೊತ್ತು ಬ್ಯಾಟರಿಯನ್ನೇ ನಂಬಬೇಕಾಯಿತು.

ಬ್ಯಾಟರಿಯ ಆಯುಷ್ಯವನ್ನು ಅಳೆಯುವುದು ವರ್ಷಗಳಲ್ಲಷ್ಟೇ ಅಲ್ಲ, ಚಕ್ರಗಳಲ್ಲಿ. ಪೂರ್ತಿ ತುಂಬಿದ ಚಾರ್ಜು ಪೂರ್ತಿ ಖರ್ಚಾದರೆ ಒಂದು ಚಕ್ರ. ಎರಡು ಬಾರಿ ಅರ್ಧರ್ಧ ಖರ್ಚಾದರೂ ಒಂದೇ ಚಕ್ರ. ಸಾಮಾನ್ಯ ಲ್ಯಾಪ್‌ಟಾಪ್ ಬ್ಯಾಟರಿಗಳು 300ರಿಂದ 500 ಚಕ್ರಗಳ ಹೊತ್ತಿಗೆ ಗಮನಾರ್ಹವಾಗಿ ಸವೆಯುತ್ತವೆ. ಕೆಲವು ದುಬಾರಿ ಮಾದರಿಗಳನ್ನು 1,000 ಚಕ್ರಗಳಿಗೆ ರೂಪಿಸಲಾಗಿದೆ. ನಗರದ ಮೇಜಿನ ಮೇಲೆ ಸದಾ ಪ್ಲಗ್ಗಿನಲ್ಲಿರುವ ಯಂತ್ರಕ್ಕೆ 300 ಚಕ್ರ ಮುಗಿಯಲು ಹಲವು ವರ್ಷ ಬೇಕಾದೀತು. ದಿನಕ್ಕೊಂದು ಚಕ್ರ ಓಡಿಸುವ ತೋಟದ ಮನೆಯಲ್ಲಿ ಅದು ವರ್ಷದೊಳಗಿನ ಮಾತು. 2020ರ ಸುಮಾರಿಗೆ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರ ವಿತರಿಸಿದ ಲ್ಯಾಪ್‌ಟಾಪುಗಳು, ಅದೇ ವರ್ಷದ ಲಾಕ್‌ಡೌನ್ ಕಾಲದಲ್ಲಿ ಆನ್‌ಲೈನ್ ತರಗತಿಗೆಂದು ಸಾಲ ಮಾಡಿ ಕೊಂಡ ಲ್ಯಾಪ್‌ಟಾಪುಗಳು ಎಲ್ಲವೂ ಈಗ ಈ ವಯಸ್ಸನ್ನು ದಾಟಿವೆ. ಅಕ್ಕನಿಂದ ತಮ್ಮನಿಗೆ ಬಂದಿರುವ ಇಂಥ ಯಂತ್ರಗಳಲ್ಲಿ ದೋಷ ನಿಜಕ್ಕೂ ಬ್ಯಾಟರಿಯದೇ ಆಗಿರುವ ಸಂಭವ ಹೆಚ್ಚು.

ಹಳೆಯ ಬ್ಯಾಟರಿ ಏಕೆ ಕಾಯುತ್ತದೆ

ಯಾವ ಬ್ಯಾಟರಿಯೂ ತನ್ನಲ್ಲಿರುವ ವಿದ್ಯುತ್ತನ್ನು ಪೂರ್ತಿಯಾಗಿ ಹೊರಗೆ ಕೊಡುವುದಿಲ್ಲ. ಅದರ ಒಳಗೇ ಒಂದಿಷ್ಟು ಪ್ರತಿರೋಧವಿರುತ್ತದೆ. ಆ ಪ್ರತಿರೋಧವನ್ನು ಹಾದು ಬರುವಾಗ ಸ್ವಲ್ಪ ಪಾಲು ಶಾಖವಾಗಿ ಸೋರಿಹೋಗುತ್ತದೆ. ಹೊಸತರಲ್ಲಿ ಈ ಸೋರಿಕೆ ನಗಣ್ಯ. ಲಿಥಿಯಂ ಅಯಾನ್ ಕೋಶ ಹಳತಾದಂತೆಲ್ಲ ಅದರ ವಿದ್ಯುದ್ವಾರಗಳ ಮೇಲೆ ಒಂದು ಪದರ ದಪ್ಪವಾಗುತ್ತ ಹೋಗುತ್ತದೆ, ಹಳೆಯ ನೀರಿನ ಕೊಳವೆಯೊಳಗೆ ಸುಣ್ಣ ಕಟ್ಟಿದಂತೆ. ಪ್ರತಿರೋಧ ಏರುತ್ತದೆ, ಶಾಖವೂ ಏರುತ್ತದೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮೂರು ಕೋಶಗಳ, 11.4 ವೋಲ್ಟಿನ ಬ್ಯಾಟರಿಯಿಂದ ಲ್ಯಾಪ್‌ಟಾಪು 25 ವ್ಯಾಟ್ ಎಳೆಯುತ್ತಿದೆ ಎನ್ನೋಣ. ಹರಿಯುವ ಕರೆಂಟು ಸುಮಾರು 2.2 ಆಂಪಿಯರ್. ಒಳಪ್ರತಿರೋಧ 0.15 ಓಮ್ ಇದ್ದರೆ ಬ್ಯಾಟರಿಯೊಳಗೆ ಹುಟ್ಟುವ ಶಾಖ ಮುಕ್ಕಾಲು ವ್ಯಾಟಿನಷ್ಟು. ಅದೇ ಬ್ಯಾಟರಿ ಸವೆದು ಪ್ರತಿರೋಧ 0.5 ಓಮಿಗೆ ಏರಿದರೆ ಶಾಖ ಸುಮಾರು ಎರಡೂವರೆ ವ್ಯಾಟ್. ಈಗ ವಿಡಿಯೋ ಸಂಪಾದನೆಯಂಥ ಭಾರದ ಕೆಲಸ ಕೊಟ್ಟು 50 ವ್ಯಾಟ್ ಎಳೆದರೆ ಕರೆಂಟು ಇಮ್ಮಡಿಯಾಗುತ್ತದೆ, ಶಾಖ ಮಾತ್ರ ನಾಲ್ಮಡಿಯಾಗಿ ಹತ್ತು ವ್ಯಾಟಿನ ಹತ್ತಿರ ಬರುತ್ತದೆ. ಬ್ಯಾಟರಿಗೆ ತನ್ನದೇ ಫ್ಯಾನಿಲ್ಲ. ಅಂಗೈ ಊರುವ ಜಾಗದ ಕೆಳಗೆ ಚಪ್ಪಟೆಯಾಗಿ ಮಲಗಿರುವ ಅದಕ್ಕೆ ಈ ಶಾಖವನ್ನು ಪ್ಲಾಸ್ಟಿಕ್ ಮೈಯ ಮೂಲಕವೇ ಹೊರಹಾಕಬೇಕು.

ಚಾರ್ಜು ತಳ ಮುಟ್ಟುವ ಹೊತ್ತಿಗೆ ಕಾವು ಹೆಚ್ಚುವುದೇಕೆ ಎಂಬುದಕ್ಕೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ಪೂರ್ತಿ ತುಂಬಿದಾಗ 12.6 ವೋಲ್ಟ್ ಇರುವ ಅದೇ ಬ್ಯಾಟರಿ ಕೊನೆಯಲ್ಲಿ 9.6 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಯಂತ್ರಕ್ಕೆ ಬೇಕಾದ 25 ವ್ಯಾಟ್ ಮಾತ್ರ ಹಾಗೆಯೇ ಇರುವುದರಿಂದ ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಕರೆಂಟು ಎಳೆಯಬೇಕಾಗುತ್ತದೆ. ಕೊನೆಯ ಘಟ್ಟದಲ್ಲಿ ಬ್ಯಾಟರಿಯ ಶಾಖ ಆರಂಭಕ್ಕಿಂತ ಸುಮಾರು 70 ಶೇಕಡಾ ಹೆಚ್ಚು. ಆದ್ದರಿಂದ ಹಳೆಯ ಬ್ಯಾಟರಿಯನ್ನು ಶೇ. 5ರವರೆಗೆ ಹಿಂಡಿ ಬಳಸುವ ಅಭ್ಯಾಸ ಒಳ್ಳೆಯದಲ್ಲ, ಶೇ. 20-25ರಲ್ಲಿ ಭಾರದ ಕೆಲಸ ನಿಲ್ಲಿಸುವುದು ಉಚಿತ.

ಕರೆಂಟು ಮರಳಿದ ಕ್ಷಣ ಇನ್ನೂ ಸೂಕ್ಷ್ಮವಾದುದು. ಬಿಸಿಯಾಗಿಯೇ ಇರುವ ಬ್ಯಾಟರಿ, ಪೂರ್ಣ ವೇಗದ ಚಾರ್ಜಿಂಗ್, ಕಡಿವಾಣ ಕಳಚಿದ ಪ್ರೊಸೆಸರು ಮೂರೂ ಒಟ್ಟಿಗೆ ಸೇರುತ್ತವೆ. ಲಿಥಿಯಂ ಕೋಶಗಳನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದೆಂಬ ನಿಯಮವಿದೆ. ಯಂತ್ರದ ಸರ್ಕಿಟ್ಟು ಅದನ್ನು ನೋಡಿಕೊಳ್ಳುತ್ತದೆ ನಿಜ. ಆದರೂ ಹತ್ತು ಹದಿನೈದು ನಿಮಿಷ ಕಾದು, ಮೈ ಆರಿದ ಮೇಲೆ ಪ್ಲಗ್ಗು ಹಾಕಿದರೆ ಬ್ಯಾಟರಿಯ ಆಯುಷ್ಯ ಉಳಿಯುತ್ತದೆ. ಕರೆಂಟು ಬಂದ ಕೂಡಲೇ ಬರುವ ವೋಲ್ಟೇಜಿನ ಏರಿಳಿತದಿಂದ ಅಡಾಪ್ಟರೂ ಪಾರಾಗುತ್ತದೆ.

ಶಾಖದ ಮೂಲ ಪತ್ತೆ ಹಚ್ಚುವ ಬಗೆ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗೆ ಬೇಕಾದುದು ಒಂದು ಗಂಟೆ ಮತ್ತು ಎರಡು ಅಂಗೈ. ಕರೆಂಟಿರುವ, ಫ್ಯಾನು ತಿರುಗುತ್ತಿರುವ ಹೊತ್ತನ್ನೇ ಇದಕ್ಕೆ ಆರಿಸಿಕೊಳ್ಳಬೇಕು. ಕೋಣೆಯ ಪ್ರಭಾವವನ್ನು ಹೊರಗಿಡುವುದೇ ಇಲ್ಲಿನ ಮುಖ್ಯ ಉದ್ದೇಶ. ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿ, ಮೇಜಿನ ಮೇಲಿಟ್ಟು, ಪ್ಲಗ್ಗಿನಲ್ಲಿರುವಂತೆಯೇ ಅರ್ಧ ಗಂಟೆ ಒಂದು ವಿಡಿಯೋ ಓಡಿಸಬೇಕು. ಬಳಿಕ ಪ್ಲಗ್ಗು ಕಿತ್ತು ಅದೇ ಜಾಗದಲ್ಲಿ ಅದೇ ವಿಡಿಯೋವನ್ನು ಮತ್ತೆ ಅರ್ಧ ಗಂಟೆ ಓಡಿಸಬೇಕು. ಎರಡು ಸಲವೂ ಗಾಳಿ ಹೊರಬರುವ ಕಿಂಡಿಯ ಬಳಿ ಒಂದು ಕೈ, ಅಂಗೈ ಊರುವ ಜಾಗದ ಕೆಳಗೆ ಇನ್ನೊಂದು ಕೈ ಇಟ್ಟು ನೋಡಬೇಕು.

ಎರಡು ಬಾರಿಯೂ ತಣ್ಣಗಿತ್ತೆಂದರೆ ಯಂತ್ರ ನಿರಪರಾಧಿ. ತಪ್ಪು ನಿಂತ ಫ್ಯಾನಿನದು, ಹಾಸಿಗೆಯದು. ಎರಡು ಬಾರಿಯೂ ಕಿಂಡಿಯ ಕಡೆ ಕಾದಿದ್ದರೆ ಅದು ಪ್ರೊಸೆಸರಿನ ಶಾಖ: ಧೂಳು ತುಂಬಿರಬೇಕು, ಇಲ್ಲವೇ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿರಬೇಕು. ಬ್ಯಾಟರಿಯಲ್ಲಿದ್ದಾಗ ಮಾತ್ರ ಕಿಂಡಿಯ ಕಡೆ ಕಾದಿದ್ದರೆ ಶಂಕೆ ಸೆಟ್ಟಿಂಗುಗಳ ಮೇಲೆ ಹೋಗಬೇಕು. ಬ್ಯಾಟರಿಯಲ್ಲಿದ್ದಾಗ ಮಾತ್ರ ಅಂಗೈ ಊರುವ ಜಾಗ ಕಾದಿದ್ದರೆ, ಅದರಲ್ಲೂ ವಿಡಿಯೋ ನಿಲ್ಲಿಸಿ ಸುಮ್ಮನೆ ಬಿಟ್ಟಾಗಲೂ ಅದು ಆರದಿದ್ದರೆ, ಬ್ಯಾಟರಿಯದೇ ದೋಷ ಎನ್ನಲು ಅಡ್ಡಿಯಿಲ್ಲ. ಬ್ಯಾಟರಿ ಎಲ್ಲಿದೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ; ಹಳೆಯ, ಕಳಚಬಹುದಾದ ಬ್ಯಾಟರಿಯ ಯಂತ್ರಗಳಲ್ಲಿ ಅದು ಪರದೆಯ ಕೀಲಿನ ಪಕ್ಕ ಇರುತ್ತದೆ.

ಬ್ಯಾಟರಿಯ ಸವೆತವನ್ನು ವಿಂಡೋಸ್ ತಾನೇ ಬರೆದಿಟ್ಟಿರುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್‌ಸಿಎಫ್‌ಜಿ’ ಎಂದು ಟೈಪಿಸಿ, ಒಂದು ಅಂತರ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿ ‘ಬ್ಯಾಟರಿರಿಪೋರ್ಟ್’ ಎಂದು ಬರೆದು ಎಂಟರ್ ಒತ್ತಿದರೆ ವರದಿಯೊಂದು ಸಿದ್ಧವಾಗುತ್ತದೆ. ವಿಂಡೋಸ್ 8 ಮತ್ತು ಆನಂತರದ ಆವೃತ್ತಿಗಳಲ್ಲಿ ಈ ಸೌಲಭ್ಯವಿದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಎಂಬುದು ಹೊಸತರಲ್ಲಿದ್ದ ಸಾಮರ್ಥ್ಯ, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಎಂಬುದು ಈಗಿನದು. ಮೊದಲನೆಯದು 41,000 ಇದ್ದು ಎರಡನೆಯದು 24,000ಕ್ಕೆ ಇಳಿದಿದ್ದರೆ ಶೇ. 58ರಷ್ಟು ಮಾತ್ರ ಉಳಿದಿದೆ ಎಂದರ್ಥ. ಶೇ. 80ಕ್ಕಿಂತ ಕೆಳಗಿಳಿದ ಬ್ಯಾಟರಿಯನ್ನು ಸವೆದದ್ದೆಂದು ಎಣಿಸುವುದು ವಾಡಿಕೆ. ಇದಕ್ಕಿಂತ ನಂಬಲರ್ಹವಾದ ಇನ್ನೊಂದು ಕುರುಹು ಇದೆ. ಚಾರ್ಜು ಶೇ. 30 ಎಂದು ತೋರಿಸುತ್ತಿರುವಾಗಲೇ ಯಂತ್ರ ದಿಢೀರನೆ ಆರಿಹೋಗುತ್ತಿದ್ದರೆ ಒಳಪ್ರತಿರೋಧ ಬಹಳ ಏರಿದೆ ಎಂದು ತಿಳಿಯಬೇಕು. ಭಾರ ಬಿದ್ದೊಡನೆ ವೋಲ್ಟೇಜು ಕುಸಿದು ಬೀಳುವುದರಿಂದ ಹೀಗಾಗುತ್ತದೆ.

ಸೆಟ್ಟಿಂಗುಗಳ ಪೈಕಿ ಬಹುತೇಕರ ಕಣ್ಣಿಗೆ ಬೀಳದ ಒಂದು ವಿಂಡೋಸ್‌ನ ಪವರ್ ಆಪ್ಷನ್ಸ್‌ನ ಆಳದಲ್ಲಿ, ‘ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್’ ಅಡಿಯಲ್ಲಿ ಅಡಗಿದೆ. ಅದರ ಹೆಸರು ‘ಸಿಸ್ಟಂ ಕೂಲಿಂಗ್ ಪಾಲಿಸಿ’. ‘ಆಕ್ಟಿವ್’ ಎಂದಿದ್ದರೆ ಕಾವು ಏರಿದಾಗ ಮೊದಲು ಫ್ಯಾನಿನ ವೇಗ ಹೆಚ್ಚುತ್ತದೆ. ‘ಪ್ಯಾಸಿವ್’ ಎಂದಿದ್ದರೆ ಮೊದಲು ಪ್ರೊಸೆಸರನ್ನು ನಿಧಾನಗೊಳಿಸಿ ನೋಡಲಾಗುತ್ತದೆ, ಫ್ಯಾನಿನ ಸರದಿ ಆಮೇಲೆ. ಬ್ಯಾಟರಿ ಉಳಿಸಲೆಂದು ಬಹಳಷ್ಟು ಯಂತ್ರಗಳಲ್ಲಿ ಬ್ಯಾಟರಿ ವೇಳೆಗೆ ಎರಡನೆಯದನ್ನೇ ನಿಗದಿಪಡಿಸಿರುತ್ತಾರೆ. ಹವಾನಿಯಂತ್ರಿತ ಕೋಣೆಗೆ ಸರಿಹೊಂದುವ ಈ ಜಾಣತನ 37 ಡಿಗ್ರಿಯ ಕೋಣೆಯಲ್ಲಿ ತಿರುಗುಬಾಣವಾಗುತ್ತದೆ: ಫ್ಯಾನು ಸುಮ್ಮನಿರುತ್ತದೆ, ಮೈ ಕಾಯುತ್ತದೆ, ಕೆಲಸವೂ ತೆವಳುತ್ತದೆ. ಅದನ್ನು ‘ಆಕ್ಟಿವ್’ಗೆ ಬದಲಿಸಿ, ಅಲ್ಲೇ ಇರುವ ‘ಮ್ಯಾಕ್ಸಿಮಂ ಪ್ರೊಸೆಸರ್ ಸ್ಟೇಟ್’ ಅನ್ನು ಬ್ಯಾಟರಿ ವೇಳೆಗೆ ಶೇ. 99 ಎಂದು ಬರೆದರೆ ಪ್ರೊಸೆಸರಿನ ‘ಟರ್ಬೊ’ ಎಂಬ ಹೆಚ್ಚುವರಿ ಓಟ ನಿಲ್ಲುತ್ತದೆ. ಅರ್ಜಿ ತುಂಬುವುದಕ್ಕೆ, ಪಾಠ ಕೇಳುವುದಕ್ಕೆ ಆ ಓಟದ ಅಗತ್ಯವೂ ಇರುವುದಿಲ್ಲ. ಕೆಲವು ಹೊಸ ಯಂತ್ರಗಳಲ್ಲಿ ಈ ಆಯ್ಕೆಗಳು ಕಾಣಸಿಗುವುದಿಲ್ಲ. ಅಂಥವುಗಳಲ್ಲಿ ತಯಾರಕರದೇ ತಂತ್ರಾಂಶದಲ್ಲಿ ಫ್ಯಾನಿನ ಆಯ್ಕೆಯನ್ನು ಹುಡುಕಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇರುವ ಯಂತ್ರಗಳಲ್ಲಿ ಬ್ಯಾಟರಿ ವೇಳೆಯಲ್ಲೂ ಅದು ಎಚ್ಚರವಾಗಿದೆಯೇ ಎಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿಕೊಳ್ಳಬೇಕು. ಹಿನ್ನೆಲೆಯಲ್ಲಿ ಆಂಟಿವೈರಸ್ ಇಡೀ ಡಿಸ್ಕನ್ನು ಜಾಲಾಡುತ್ತಿದ್ದರೆ ಅದೂ ಅಲ್ಲೇ ಸಿಕ್ಕಿಬೀಳುತ್ತದೆ.

ಧೂಳಿನ ವಿಷಯದಲ್ಲಿ ಬಯಲುಸೀಮೆಗೆ ಪೈಪೋಟಿಯಿಲ್ಲ. ಒಕ್ಕಣೆಯ ಕಾಲದ ರಾಗಿ ಹೊಟ್ಟು, ತೆಂಗಿನ ನಾರಿನ ಪುಡಿ, ರಸ್ತೆಯ ಮಣ್ಣು ಎಲ್ಲವೂ ಆ ತೆಳು ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತವೆ. ವರ್ಷಕ್ಕೊಮ್ಮೆಯಾದರೂ ಯಂತ್ರವನ್ನು ಪೂರ್ತಿ ಆರಿಸಿ, ಬ್ಯಾಟರಿಯ ಸಂಪರ್ಕ ಬಿಡಿಸಿ, ಮೃದುವಾದ ಬ್ರಷ್ಷು ಮತ್ತು ಬ್ಲೋವರಿನಿಂದ ಶುಚಿಗೊಳಿಸಬೇಕು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಕಡ್ಡಿಯನ್ನು ಅಡ್ಡ ಹಿಡಿಯುವುದು ಕಸುಬುದಾರರ ಪದ್ಧತಿ. ಇಲ್ಲದಿದ್ದರೆ ಅತಿವೇಗದಿಂದ ತಿರುಗಿ ಬೇರಿಂಗು ಕೆಡಬಹುದು. ತಳದ ಮುಚ್ಚಳ ತೆರೆದು ಅಭ್ಯಾಸವಿಲ್ಲದವರು ಇದನ್ನು ಅಂಗಡಿಯವರಿಗೇ ಬಿಡುವುದು ಲೇಸು. ಬ್ಯಾಟರಿ ಬದಲಾಯಿಸುವುದಕ್ಕೆ ಹೋಲಿಸಿದರೆ ಇದರ ಖರ್ಚು ಅಲ್ಪ.

ಉಬ್ಬಿದ ಬ್ಯಾಟರಿಯೊಡನೆ ಚೌಕಾಸಿ ಸಲ್ಲ

ಇಲ್ಲಿಯವರೆಗಿನದು ಹಣ ಮತ್ತು ಸಮಯದ ಮಾತು. ಬ್ಯಾಟರಿ ಉಬ್ಬಿದೆ ಎಂದಾದರೆ ಅದು ಮನೆಯ ಸುರಕ್ಷತೆಯ ಮಾತಾಗುತ್ತದೆ. ಅತಿಯಾದ ಕಾವಿನಲ್ಲಿ ಸವೆದ ಕೋಶದೊಳಗಿನ ದ್ರಾವಣ ಒಡೆದು ಅನಿಲ ಹುಟ್ಟುತ್ತದೆ. ಚಪ್ಪಟೆಯಾದ ಬ್ಯಾಟರಿ ಪೂರಿಯಂತೆ ಊದಿಕೊಳ್ಳುತ್ತದೆ. ಟಚ್‌ಪ್ಯಾಡ್ ಮೇಲೆದ್ದಿರುವುದು ಅಥವಾ ಒತ್ತಲು ಬಾರದಿರುವುದು, ಕೀಲಿಮಣೆಯ ನಡುಭಾಗ ಉಬ್ಬಿರುವುದು, ಮೇಜಿನ ಮೇಲಿಟ್ಟಾಗ ಯಂತ್ರ ಓಲಾಡುವುದು, ಮುಚ್ಚಳ ಸರಿಯಾಗಿ ಮುಚ್ಚದಿರುವುದು ಇದರ ಲಕ್ಷಣಗಳು. ಸಿಹಿಯಾದ, ಥಿನ್ನರಿನಂಥ ವಾಸನೆ ಬಂದರೆ ದ್ರಾವಣ ಸೋರುತ್ತಿದೆ ಎಂದರ್ಥ.

ಇದು ಉತ್ಪ್ರೇಕ್ಷೆಯ ಭಯವಲ್ಲ. 2006ರ ಆಗಸ್ಟ್‌ನಲ್ಲಿ ಡೆಲ್ ಕಂಪನಿ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನೂ, ಅದೇ ತಿಂಗಳು ಆಪಲ್ ಕಂಪನಿ 18 ಲಕ್ಷ ಬ್ಯಾಟರಿಗಳನ್ನೂ ಹಿಂದಕ್ಕೆ ಕರೆಸಿಕೊಂಡವು. ಸೋನಿ ತಯಾರಿಸಿದ್ದ ಆ ಕೋಶಗಳೊಳಗೆ ಸೂಕ್ಷ್ಮ ಲೋಹದ ಕಣಗಳು ಸೇರಿಕೊಂಡು ಒಳಗೇ ಶಾರ್ಟ್ ಆಗುವ ಅಪಾಯವಿತ್ತು. 2019ರಲ್ಲಿ ಆಪಲ್ ತನ್ನ 15 ಇಂಚಿನ ಕೆಲವು ಮ್ಯಾಕ್‌ಬುಕ್ ಪ್ರೊ ಯಂತ್ರಗಳ ಬ್ಯಾಟರಿ ಅತಿಯಾಗಿ ಬಿಸಿಯಾಗಬಹುದೆಂದು ಅವನ್ನು ಹಿಂಪಡೆದಾಗ, ಅಂಥ ಯಂತ್ರಗಳನ್ನು ವಿಮಾನದಲ್ಲಿ ಒಯ್ಯದಂತೆ ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಪ್ರಯಾಣಿಕರಿಗೆ ಸೂಚಿಸಿತ್ತು. ಅದೇ ವರ್ಷ ಲಿಥಿಯಂ ಅಯಾನ್ ಬ್ಯಾಟರಿಯ ಆವಿಷ್ಕಾರಕ್ಕಾಗಿ ಮೂವರು ವಿಜ್ಞಾನಿಗಳಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದದ್ದು ಒಂದು ಕಾಕತಾಳೀಯ. ದೊಡ್ಡ ಕಂಪನಿಗಳ ಹೊಸ ಬ್ಯಾಟರಿಗಳ ಕಥೆಯೇ ಹೀಗಿರುವಾಗ, ಐದು ಬೇಸಿಗೆ ಕಂಡು ಉಬ್ಬಿರುವ ಬ್ಯಾಟರಿಯನ್ನು ಇನ್ನೊಂದು ಪರೀಕ್ಷೆ ಮುಗಿಯುವವರೆಗೆ ನಡೆಸೋಣ ಎನ್ನುವುದು ತರವಲ್ಲ.

ಉಬ್ಬಿದ ಲಕ್ಷಣ ಕಂಡ ಕೂಡಲೇ ಯಂತ್ರವನ್ನು ಆರಿಸಿ, ಚಾರ್ಜರು ಕಿತ್ತು, ಮತ್ತೆ ಚಾರ್ಜಿಗೆ ಹಾಕದೆ ಇಡಬೇಕು. ಒತ್ತಿ ಚಪ್ಪಟೆ ಮಾಡುವುದು, ಸೂಜಿ ಚುಚ್ಚಿ ಗಾಳಿ ಬಿಡುವುದು ಬೆಂಕಿಗೆ ಆಹ್ವಾನ. ಹಾಸಿಗೆ, ಬಟ್ಟೆ, ಕಾಗದಗಳಿಂದ ದೂರವಾಗಿ, ಬಿಸಿಲು ಬೀಳದ ಸಿಮೆಂಟು ಅಥವಾ ಕಲ್ಲಿನ ಮೇಲಿಟ್ಟು ಅಂಗಡಿಗೆ ತಲುಪಿಸಬೇಕು. ಹೊಗೆ ಏಳತೊಡಗಿದರೆ ಯಂತ್ರವನ್ನು ಉಳಿಸುವ ಯೋಚನೆ ಬಿಟ್ಟು ಮನೆಯವರನ್ನು ಹೊರಗೆ ಕಳಿಸಬೇಕು. ಆ ಹೊಗೆ ವಿಷಕಾರಿ. ಗೋಡೆಯ ಕರೆಂಟಿನ ಸಂಪರ್ಕ ತಪ್ಪಿಸಿದ ಮೇಲೆ, ಸುರಕ್ಷಿತ ದೂರದಿಂದ ಧಾರಾಳವಾಗಿ ನೀರು ಸುರಿದು ತಣಿಸಬಹುದು. ಜ್ವಾಲೆ ಆರಿದ ಮೇಲೂ ಪಕ್ಕದ ಕೋಶ ಕಾದು ಮತ್ತೆ ಹೊತ್ತಿಕೊಳ್ಳುವ ಸ್ವಭಾವ ಈ ಬ್ಯಾಟರಿಗಳಿಗಿದೆ. ಆದ್ದರಿಂದ ನೀರು ಸುರಿಯುವುದನ್ನು ಬೇಗನೆ ನಿಲ್ಲಿಸಬಾರದು.

ಹೊಸ ಬ್ಯಾಟರಿ ಕೊಳ್ಳುವಾಗ ಬೆಲೆಯೊಂದನ್ನೇ ನೋಡುವುದು ದುಬಾರಿಯಾದೀತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಆನ್‌ಲೈನ್ ಮಳಿಗೆಗಳವರೆಗೆ ‘ಕಂಪ್ಯಾಟಿಬಲ್’ ಎಂಬ ಹೆಸರಿನಲ್ಲಿ ಅರ್ಧ ಬೆಲೆಯ ಬ್ಯಾಟರಿಗಳು ಸಿಗುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಉಷ್ಣ ಸಂವೇದಕವನ್ನೇ ಕೈಬಿಟ್ಟ, ರಕ್ಷಣಾ ಸರ್ಕಿಟ್ಟು ನಾಮಕಾವಸ್ತೆಯಾಗಿರುವ ಸರಕೂ ಇದೆ. ಒಯ್ಯಬಹುದಾದ ಲಿಥಿಯಂ ಕೋಶ, ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೊದ ಐಎಸ್ 16046 ಮಾನಕದಡಿ ನೋಂದಣಿ ಕಡ್ಡಾಯ. ಆ ಗುರುತು ಮತ್ತು ನೋಂದಣಿ ಸಂಖ್ಯೆ ಬ್ಯಾಟರಿಯ ಮೈಮೇಲೆ ಮುದ್ರಿತವಾಗಿದೆಯೇ ಎಂದು ನೋಡಿ, ಬಿಲ್ಲು ಪಡೆದೇ ಕೊಳ್ಳಬೇಕು. ಹಾಕಿಸಿದ ಮೇಲೆ, ತಯಾರಕರ ತಂತ್ರಾಂಶದಲ್ಲಿ ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಆಯ್ಕೆಯಿದ್ದರೆ ಊರೊಳಗಿನ, ಕರೆಂಟು ಚೆನ್ನಾಗಿರುವ ಮನೆಯವರು ಅದನ್ನು ಬಳಸುವುದು ಸೂಕ್ತ. ದಿನಕ್ಕೆ ಆರೇಳು ಗಂಟೆ ಮಾತ್ರ ಕರೆಂಟು ಕಾಣುವ ತೋಟದ ಮನೆಯವರಿಗೆ ಆ ಸಲಹೆ ಅನ್ವಯಿಸದು. ಅವರಿಗೆ ಪ್ರತಿ ಶೇಕಡಾವೂ ಬೇಕು.

ಕಳಚಿದ ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯುವುದಾಗಲಿ, ಗುಜರಿಯವರ ಗಾಡಿಗೆ ಹಾಕುವುದಾಗಲಿ ಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದ್ದರಿಂದ ಹೊಸತನ್ನು ಕೊಳ್ಳುವಾಗಲೇ ಹಳೆಯದನ್ನು ಹಿಂದಕ್ಕೆ ಪಡೆಯುವಂತೆ ಮಾರಾಟಗಾರರನ್ನು ಕೇಳಬಹುದು. ಕೊಡುವವರೆಗೆ ಅದರ ಲೋಹದ ತುದಿಗಳಿಗೆ ಇನ್ಸುಲೇಷನ್ ಟೇಪು ಸುತ್ತಿ, ಬೀಗದಕೈ, ಚಿಲ್ಲರೆ ನಾಣ್ಯಗಳ ಡಬ್ಬಿಯಿಂದ ದೂರವಿಡಬೇಕು.